ಚರ್ಮದ ಪಟ್ಟಿ ಮತ್ತು ಶ್ರಾವಕನ ಯತ್ನಾಚಾರ

ಬಸದಿಯ ಬಾಗಿಲಲ್ಲಿ ಸೊಂಟದ ಪಟ್ಟಿಯನ್ನೂ ಹಣದ ಚೀಲವನ್ನೂ ಹೊರಗಿಟ್ಟು ಒಳಗೆ ಹೋಗುವುದು ನಮ್ಮಲ್ಲಿ ರೂಢಿಯಾಗಿದೆ. ಚರ್ಮದ ವಸ್ತು ಭಗವಂತನ ಸನ್ನಿಧಿಗೆ ಬರಬಾರದೆಂಬುದು ಮಕ್ಕಳಿಗೂ ತಿಳಿದ ಮಾತು. ಆದರೆ ಮನೆಯಲ್ಲಿ ಅದೇ ಚರ್ಮದೊಡನೆ ನಮ್ಮ ಸಂಬಂಧ ಹೇಗಿರಬೇಕೆಂಬ ಪ್ರಶ್ನೆ ಬಾಗಿಲಿನ ಹೊರಗೇ ಉಳಿದುಬಿಡುತ್ತದೆ. ಅದನ್ನು ವಿಚಾರಿಸಲು ಒಂದು ಚಿಕ್ಕ ವಸ್ತು ಸಾಕು: ಕ್ಷೌರದ ಕತ್ತಿಯನ್ನು ಮಸೆಯುವ ಚರ್ಮದ ಪಟ್ಟಿ.

ಕತ್ತಿಯನ್ನೇ ಬಿಟ್ಟವರ ನೆನಪು ನಮ್ಮ ಕಡೂರಿನಲ್ಲಿಯೇ ಕಲ್ಲಿನ ಮೇಲೆ ಉಳಿದಿದೆ. ಕ್ರಿ.ಶ. 971ರ ಕಡೂರಿನ ಶಾಸನವು ಗಂಗರ ಬೂತುಗನ ಅಕ್ಕ ಪಾಂಬಬ್ಬೆಯನ್ನು ಸ್ಮರಿಸುತ್ತದೆ. ಅರಸು ಮನೆತನದ ಆ ಮಹಾಸಾಧ್ವಿ ಕೇಶಲೋಚ ಮಾಡಿಕೊಂಡು, 30 ವರ್ಷ ತಪಸ್ಸು ನಡೆಸಿ, ಪಂಚವ್ರತಗಳನ್ನು ಪಾಲಿಸಿ ದೇಹ ಬಿಟ್ಟಳು. ಕೇಶಲೋಚದಲ್ಲಿ ದೇಹದ ಮಮತೆಯನ್ನು ಗೆಲ್ಲುವುದರೊಂದಿಗೆ ಇನ್ನೊಂದು ಅರ್ಥವೂ ಅಡಗಿದೆ. ಕತ್ತಿ ಇದ್ದರೆ ಸಾಣೆಕಲ್ಲು ಬೇಕು, ಪಟ್ಟಿ ಬೇಕು, ಇಡಲು ಪೆಟ್ಟಿಗೆ ಬೇಕು. ಇಲ್ಲವಾದರೆ ಇನ್ನೊಬ್ಬರನ್ನು ಬೇಡಬೇಕು. ಒಂದು ಪರಿಗ್ರಹ ಹತ್ತನ್ನು ಕರೆತರುತ್ತದೆ. ತ್ಯಾಗಿಗಳು ಆ ಸರಪಳಿಯನ್ನು ಮೊದಲ ಕೊಂಡಿಯಲ್ಲಿಯೇ ಕಡಿದುಹಾಕುತ್ತಾರೆ.

ಗೃಹಸ್ಥನಿಗೆ ಅದು ಸಾಧ್ಯವಿಲ್ಲ. ಅವನದು ಅಣುವ್ರತದ ಮಾರ್ಗ. ಹಿಂದೆ ಕ್ಷೌರಿಕರು ಪ್ರತಿ ಬಾರಿಯೂ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಆಡಿಸಿಯೇ ಗಲ್ಲಕ್ಕೆ ಇಡುತ್ತಿದ್ದರು. ಅಲಗಿನ ಬೆನ್ನು ಮುಂದಾಗಿ, ಬಾಯಿ ಹಿಂದಾಗಿ ಎಳೆದಾಗ ಬಾಗಿದ ಸೂಕ್ಷ್ಮ ಅಂಚು ಮತ್ತೆ ನೆಟ್ಟಗಾಗುತ್ತದೆ. ರಕ್ತದಿಂದ ಹರಡುವ ರೋಗಗಳ ಅರಿವು ಬಂದ ಮೇಲೆ, ಒಬ್ಬರಿಗೆ ಒಂದು ಹೊಸ ಬ್ಲೇಡು ಎಂಬ ಪದ್ಧತಿ ಅಂಗಡಿಗಳಲ್ಲಿ ಬಂದಿತು. ಅದು ಯೋಗ್ಯವೇ ಸರಿ. ಹಲವರಿಗೆ ಒಂದೇ ಕತ್ತಿ ಬಳಸುವುದು ಪರರ ಪ್ರಾಣದ ವಿಷಯದಲ್ಲಿ ಪ್ರಮಾದ. ಆದರೆ ಹಿರಿಯರು ಬಳಸಿದ ಕತ್ತಿ, ಪಟ್ಟಿ ಇಂದಿಗೂ ಉಳಿದಿರುವ ಮನೆಗಳುಂಟು. ಅಂತಹ ಮನೆಯವರು ಏನು ಮಾಡಬೇಕು? ಎಸೆಯಬೇಕೆ, ಉಳಿಸಬೇಕೆ?

ಹಿಂಸೆಯು ಕೃತ, ಕಾರಿತ, ಅನುಮೋದನ ಎಂಬ ಮೂರು ದಾರಿಗಳಲ್ಲಿ ನಮ್ಮನ್ನು ಸೇರುತ್ತದೆ. ಹೊಸ ಚರ್ಮವನ್ನು ಕೊಳ್ಳುವವನು ತಾನು ಕೊಲ್ಲದಿದ್ದರೂ ಕೊಲ್ಲುವವನಿಗೆ ಬೆಲೆ ತೆರುತ್ತಾನೆ. ಚರ್ಮವು ತಾನಾಗಿ ಸತ್ತ ದನದ್ದೋ ವಧೆಯಾದದ್ದೋ ಎಂಬುದು ಅಂಗಡಿಯಲ್ಲಿ ತಿಳಿಯುವುದಿಲ್ಲ. ಅಜ್ಜಂಪುರದ ಅಮೃತ್ ಮಹಲ್ ತಳಿ ಕೇಂದ್ರದ ದನಗಳನ್ನು ಕಣ್ಣಾರೆ ಕಂಡವರಿಗೆ ಚರ್ಮವು ಯಾರ ಮೈಯ ಹೊದಿಕೆಯೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಹೊಸದನ್ನು ಕೊಳ್ಳಬಾರದೆಂಬುದರಲ್ಲಿ ಸಂದೇಹವಿಲ್ಲ.

ಹಳೆಯದರ ವಿಷಯ ಬೇರೆ. ಅದನ್ನು ಎಸೆದರೆ ಆ ಪ್ರಾಣಿ ಬದುಕಿ ಬರುವುದಿಲ್ಲ. ಉಳಿಸಿ ಬಳಸಿದರೆ ಇನ್ನೊಂದು ಪ್ರಾಣಿ ಸಾಯುವುದೂ ಇಲ್ಲ. ಎಸೆದವನು ವಾರಕ್ಕೊಂದು ಬ್ಲೇಡನ್ನು ಕಸದ ಬುಟ್ಟಿಗೆ ಹಾಕಿದರೆ, ಅದು ಕಸ ಬೇರ್ಪಡಿಸುವ ಪೌರಕಾರ್ಮಿಕರ ಬೆರಳನ್ನು ಕೊಯ್ಯಬಹುದು. ಇದೂ ಪ್ರಮಾದದ ಹಿಂಸೆಯೇ. ಚರ್ಮವನ್ನು ಮುಟ್ಟುವುದಿಲ್ಲವೆಂದು ನಿಯಮ ತೊಟ್ಟವರು ಅದನ್ನು ಪಾಲಿಸಲಿ. ಅವರ ನಿಯಮ ವಂದನೀಯ. ಆದರೆ ನಿಯಮವಿಲ್ಲದೆ ಕೇವಲ ಅಸಹ್ಯದಿಂದ ಎಸೆಯುವುದು ತ್ಯಾಗವಲ್ಲ. ಒಂದು ಜೀವದ ದೇಹದಿಂದ ಬಂದ ವಸ್ತು ಕೈಯಲ್ಲಿರುವಾಗ ಅದನ್ನು ಹಾಳುಮಾಡಿ ಇನ್ನೊಂದಕ್ಕೆ ಅವಕಾಶ ಕೊಡದಿರುವುದೇ ಗೃಹಸ್ಥನ ಧರ್ಮ.

ಇಲ್ಲಿಯೇ ಯತ್ನಾಚಾರ ಆರಂಭವಾಗುತ್ತದೆ. ಬಳಸುವ ಮೊದಲು ಪಟ್ಟಿಯನ್ನು ಅಂಗೈಯಿಂದ ಮೃದುವಾಗಿ ಸವರಿ ಧೂಳು ತೆಗೆಯಬೇಕು. ಒಂದು ಮರಳಿನ ಕಣ ಸಿಕ್ಕರೂ ಅಲಗು ಕೆಡುತ್ತದೆ. ಕತ್ತಿಯನ್ನು ಪೂರ್ತಿ ಒರೆಸಿಯೇ ಪಟ್ಟಿಗೆ ಇಡಬೇಕು. ಕೊಳೆ ಕಟ್ಟಿದಾಗ ಸೋಸಿದ ನೀರಿನಲ್ಲಿ ಬಟ್ಟೆಯನ್ನು ಹಿಂಡಿ, ಸ್ವಲ್ಪ ಸೌಮ್ಯ ಸಾಬೂನಿನ ನೊರೆಯಿಂದ ಒರೆಸಿ, ನೆರಳಿನಲ್ಲಿ ತೂಗುಹಾಕಿ ಒಣಗಿಸಬೇಕು. ನೀರಿನಲ್ಲಿ ನೆನೆಸಿದರೆ, ಬಿಸಿಲಿಗೆ ಅಥವಾ ಒಲೆಯ ಬಳಿಗೆ ಇಟ್ಟರೆ ಚರ್ಮ ಸೆಟೆದು ಬಿರಿಯುತ್ತದೆ.

ಚರ್ಮವನ್ನು ಮೆದುವಾಗಿಡಲು ಪ್ರಾಣಿಗಳ ಕೊಬ್ಬನ್ನೂ ದನದ ಕಾಲಿನ ಎಲುಬಿನಿಂದ ತೆಗೆದ ಎಣ್ಣೆಯನ್ನೂ ಬಳಸುವ ರೂಢಿ ಹೊರಗೆ ಇದೆ. ಒಂದು ಹಿಂಸೆಯ ಫಲವನ್ನು ಕಾಪಾಡಲು ಇನ್ನೊಂದು ಹಿಂಸೆಯನ್ನು ಕೊಳ್ಳುವುದು ನಮಗೆ ಸಲ್ಲದು. ಒಣಗಿದ ಪಟ್ಟಿಗೆ ಎರಡು ಹನಿ ಹರಳೆಣ್ಣೆಯನ್ನು ಅಂಗೈಯಲ್ಲಿ ತಿಕ್ಕಿ ಸವರಿದರೆ ಸಾಕು. ಹೆಚ್ಚಾದರೆ ಧೂಳು ಅಂಟುತ್ತದೆ.

ತರೀಕೆರೆ ಮಲೆನಾಡಿನ ಅಂಚು. ಆಷಾಢ ಶ್ರಾವಣಗಳ ತೇವಕ್ಕೆ ಅಲ್ಲಿ ಮೂಲೆಯಲ್ಲಿಟ್ಟ ಚರ್ಮಕ್ಕೆ ಬೂಷ್ಟು ಹಿಡಿಯಲು ತಡವಾಗದು. ಕಡೂರು, ಅಜ್ಜಂಪುರಗಳ ಬಯಲಿನಲ್ಲಿ ಆ ಭಯ ಕಡಿಮೆ. ಬೂಷ್ಟು ಬಂದ ಮೇಲೆ ಒರೆಸಿದರೆ ಅಸಂಖ್ಯ ಸೂಕ್ಷ್ಮಜೀವಿಗಳ ಘಾತ. ಒರೆಸದಿದ್ದರೆ ವಸ್ತುವಿನ ನಾಶ. ಜೀವೋತ್ಪತ್ತಿಗೆ ಆಸ್ಪದವಾಗದಂತೆ ಮೊದಲೇ ಗಾಳಿಯಾಡುವ ಕಡೆ ತೂಗುಹಾಕುವುದೊಂದೇ ನಿರ್ದೋಷವಾದ ಉಪಾಯ. ಜೀವಿಗಳು ಹೆಚ್ಚುವ ಈ ಕಾಲದಲ್ಲಿಯೇ ಮುನಿಗಳು ವಿಹಾರ ನಿಲ್ಲಿಸಿ ಚಾತುರ್ಮಾಸ ಕೈಗೊಳ್ಳುತ್ತಾರೆ. ಅವರು ಹೆಜ್ಜೆಯಲ್ಲಿ ತೋರುವ ಎಚ್ಚರವನ್ನು ಗೃಹಸ್ಥನು ತನ್ನ ವಸ್ತುಗಳಲ್ಲಿ ತೋರಬೇಕು. ಸ್ವಚ್ಛತೆಯೆಂದರೆ ಕೊಳೆಯಾದ ಮೇಲೆ ತೊಳೆಯುವುದಷ್ಟೇ ಅಲ್ಲ. ತೊಳೆಯಬೇಕಾದ ಸ್ಥಿತಿ ಬಾರದಂತೆ ನೋಡಿಕೊಳ್ಳುವುದೂ ಸ್ವಚ್ಛತೆಯೇ, ಅಹಿಂಸೆಯೇ.

ಹಳೆಯ ಪಟ್ಟಿ ಸವೆದು ಮುಗಿದ ದಿನ ಇನ್ನೊಂದು ಚರ್ಮ ಮನೆಗೆ ಬರಬಾರದು. ದಪ್ಪ ಕ್ಯಾನ್ವಾಸ್ ಬಟ್ಟೆಯ ಪಟ್ಟಿಯನ್ನು ಬಿಗಿಯಾಗಿ ಎಳೆದು ಬಳಸಬಹುದು. ಕೈ ಸ್ವಲ್ಪ ಹೆಚ್ಚು ಆಡಿಸಬೇಕಾದೀತು, ಅಷ್ಟೇ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಕರ್ತವ್ಯವಿದೆ. ಯಾತ್ರಿಕರು ತಂಗುವ ಕಡೆ ಬಳಸಿದ ಬ್ಲೇಡುಗಳಿಗಾಗಿ ಮುಚ್ಚಳವಿರುವ ಒಂದು ಡಬ್ಬವನ್ನು ಇಡಿಸಲಿ. ಕ್ಷೌರಕ್ಕೆ ಕರೆಸಿದ ಸವಿತಾ ಸಮಾಜದ ಬಂಧುವನ್ನು ಗೌರವದಿಂದ ಕಾಣಲಿ. ನಮ್ಮ ಮುಖವನ್ನು ಶುಚಿಗೊಳಿಸುವ ಕೈ ಅಶುಚಿಯೆಂಬ ಹಳೆಯ ಭಾವನೆ ಅಹಿಂಸೆಯ ಧರ್ಮಕ್ಕೆ ಹೊಂದುವುದಿಲ್ಲ.

ಪಾಂಬಬ್ಬೆಯ ಮಾರ್ಗ ಮಹಾವ್ರತದ್ದು. ಅದು ಎಲ್ಲರಿಂದ ಆಗದು. ಆದರೆ ಆಕೆ ಬಿಟ್ಟದ್ದನ್ನು ಇಟ್ಟುಕೊಂಡ ನಾವು, ಇಟ್ಟುಕೊಂಡದ್ದಕ್ಕೆ ಎಚ್ಚರದಿಂದ ನಡೆದುಕೊಳ್ಳುವುದು ಎಲ್ಲರಿಂದಲೂ ಆಗುವ ಕೆಲಸ.