ಶುದ್ಧಿಯ ಲೆಕ್ಕ

ಮಂಗಳೂರಾಗಲಿ, ಜಾಮ್‌ನಗರವಾಗಲಿ, ಎಣ್ಣೆ ಶುದ್ಧೀಕರಿಸುವ ಕಾರ್ಖಾನೆ ತನ್ನ ಕೊಳೆನೀರನ್ನು ತೊಳೆಯಲೇಬೇಕು. ಇಲ್ಲದಿದ್ರೆ ಎಣ್ಣೆ, ಫಿನಾಲು, ಸಲ್ಫೈಡು ಮೀನನ್ನು ಕೊಲ್ತವೆ. ಆದರೆ ಗೆಳೆಯರೇ, ತೊಳೆದ ಕೊಳೆ ಎಲ್ಲಿಗೆ ಹೋಯ್ತು?

ತೇಲಿದ ಎಣ್ಣೆಯನ್ನು ಕೆನೆಯಂತೆ ತೆಗೀತಾರೆ. ಕರಗಿದ ವಿಷವನ್ನು ಸೂಕ್ಷ್ಮಜೀವಿಗಳು ತಿಂತವೆ. ಅವಕ್ಕೆ ಗಾಳಿ ಊದಲು ಕರೆಂಟು ಬೇಕು, ಕರೆಂಟಿಗೆ ಬಹುಮಟ್ಟಿಗೆ ಎಲ್ಲೋ ಇಂಧನ ಉರೀಬೇಕು. ಮುಚ್ಚದ ತೊಟ್ಟಿಯಿಂದ ರಕ್ತದ ಕ್ಯಾನ್ಸರ್ ತರಬಲ್ಲ ಬೆಂಜೀನು ಗಾಳಿಗೇರುತ್ತದೆ. ತಳದಲ್ಲಿ ಎಣ್ಣೆರಾಡಿ ಕೂರುತ್ತದೆ; ಸರ್ಕಾರದ 2016ರ ನಿಯಮಗಳೇ ಅದನ್ನು ಅಪಾಯಕಾರಿ ತ್ಯಾಜ್ಯ ಅಂದಿವೆ.

ಊರು ಚೊಕ್ಕಟವಾಗಲು ಕೇರಿಯ ತಲೆಗೆ ಹೊಲಸು ಹೊರಿಸಿದ ಲೆಕ್ಕ ನಮಗೆ ಹೊಸದಲ್ಲ. ಈ ರಾಡಿಯನ್ನು ಯಾರ ಕೈ ಬಾಚುತ್ತೆ, ಯಾರ ನೆಲ ಹೊರುತ್ತೆ ಅಂತ ಕೇಳದ ಶುದ್ಧಿ ಬರೀ ಮಡಿ. ನೀರನ್ನಷ್ಟೇ ಅಳೆದರೆ ಸಾಲದು. ಗಾಳಿಯನ್ನೂ, ರಾಡಿಯನ್ನೂ, ಬಾಚಿದವನ ಉಸಿರನ್ನೂ ಅಳೀರಿ.