ಆರಾಧನೆಯಲ್ಲಿ ಕ್ರಮವೂ ಭಯಭಕ್ತಿಯೂ

ದೇವಾರಾಧನೆಯು ಕ್ರಮವಾಗಿ ನಡೆಯತಕ್ಕದ್ದೆಂದು ನಾವೆಲ್ಲರೂ ಒಪ್ಪುತ್ತೇವೆ. ಆದರೆ ಆ ಕ್ರಮವು ಯಾರ ನಿಮಿತ್ತ ಬೇಕೆಂದು ವಿಚಾರಿಸುವವರು ಕೊಂಚವೇ. ಇದನ್ನು ಕೊರಿಂಥದ ಸಭೆಯಿಂದ ಕಲಿತುಕೊಳ್ಳೋಣ.

ಕೊರಿಂಥವು ಗ್ರೀಸ್ ದೇಶದ ಪಟ್ಟಣವು. ರೋಮಿನವರು ಅದನ್ನು ಕ್ರಿ. ಪೂ. 146ರಲ್ಲಿ ಹಾಳುಮಾಡಿದರು, ಕ್ರಿ. ಪೂ. 44ರಲ್ಲಿ ಅವರೇ ತಿರಿಗಿ ಅದನ್ನು ಸ್ಥಾಪಿಸಿದರು. ಅದಕ್ಕೆ ಎರಡು ಕಡೆಗಳಲ್ಲಿಯೂ ರೇವುಗಳಿದ್ದದರಿಂದ ನಾನಾ ದೇಶದವರು ಬಂದು ನೆಲೆಗೊಂಡರು. ಅಪೊಸ್ತಲನಾದ ಪೌಲನು ಅಲ್ಲಿ ಒಂದೂವರೆ ವರುಷವಿದ್ದು ದೇವರ ವಾಕ್ಯವನ್ನು ಉಪದೇಶಿಸಿದನು. ಐಶ್ವರ್ಯವಂತರೂ ದಾಸರೂ ಒಂದೇ ಸಭೆಯಾದರು.

ಆ ಕಾಲದಲ್ಲಿ ಆದಿತ್ಯವಾರವು ಬಿಡುವಿನ ದಿನವಾಗಿರಲಿಲ್ಲ. ಕೊನ್‌ಸ್ತಂತೀನ ಚಕ್ರವರ್ತಿಯು 321ರಲ್ಲಿ ಅಪ್ಪಣೆ ಕೊಟ್ಟ ಮೇಲೆಯೇ ಅದು ವಿಶ್ರಾಂತಿಯ ದಿನವಾಯಿತು. ಆದದರಿಂದ ಪರರ ಕೈಕೆಳಗೆ ದುಡಿಯುವವರು ಕೆಲಸ ತೀರಿಸಿ ತಡವಾಗಿ ಬಂದಿರಬೇಕು. ಮುಂಚಿತವಾಗಿ ಬಂದವರೋ ತಮ್ಮ ತಮ್ಮ ಊಟವನ್ನು ಮಾಡಿಬಿಡುತ್ತಿದ್ದರು. ಒಬ್ಬನು ಹಸಿದಿರಲು ಮತ್ತೊಬ್ಬನು ಕುಡಿದು ಮತ್ತನಾಗಿದ್ದನು. ಇದರ ಹೆಸರು ಕರ್ತನ ಭೋಜನ! ಪೌಲನು ತನ್ನ ಮೊದಲನೆಯ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಇದನ್ನು ಖಂಡಿಸಿ, ಇಲ್ಲದವರನ್ನು ನಾಚಿಕೆಪಡಿಸುವದು ದೇವರ ಸಭೆಯನ್ನೇ ತಿರಸ್ಕರಿಸುವದೆಂದು ತೋರಿಸುತ್ತಾನೆ. ಅವನು ಕೊಟ್ಟ ಮದ್ದು ಏನಂದರೆ, ಒಬ್ಬರಿಗೋಸ್ಕರ ಒಬ್ಬರು ಕಾದುಕೊಂಡಿರುವದೇ.

14ನೆಯ ಅಧ್ಯಾಯದಲ್ಲಿ ಬೇರೊಂದು ಗಲಿಬಿಲಿಯನ್ನು ಕಾಣುತ್ತೇವೆ. ಅನೇಕರು ಒಟ್ಟಿಗೆ ಮಾತಾಡುತ್ತಿದ್ದರು. ಅರ್ಥ ಹೇಳುವವನಿಲ್ಲದೆ ಅನ್ಯಭಾಷೆಗಳನ್ನಾಡುತ್ತಿದ್ದರು. ಅಪೊಸ್ತಲನು ಅವರ ವರಗಳನ್ನು ನಿಲ್ಲಿಸಲಿಲ್ಲ, ಸರದಿಯನ್ನು ನೇಮಿಸಿದನು. ತಿಳಿಯದವನು ಆಮೆನ್ ಅನ್ನುವದು ಹೇಗೆ, ಹೊರಗಿನಿಂದ ಬಂದವನು ಏನೆಂದು ನೆನಸಿಯಾನು ಎಂಬದೇ ಅವನ ಚಿಂತೆ. ಈ ಎರಡು ಅಧ್ಯಾಯಗಳ ನಡುವೆ, 13ನೆಯದಾಗಿ, ಪ್ರೀತಿಯನ್ನು ಕುರಿತ ಅಧ್ಯಾಯವಿರುವದನ್ನು ಗಮನಿಸಿರಿ. ಪ್ರೀತಿಯು ಒಳಗಿನ ಜೀವವು, ಕ್ರಮವು ಅದರ ಹೊರಗಿನ ದೇಹವು.

ಹಾಗಾದರೆ ನಮ್ಮ ಹಳ್ಳಿಯ ದೇವಾಲಯಗಳಲ್ಲಿ ಏನು ಮಾಡತಕ್ಕದ್ದು? ಗಂಟೆಯ ಸಮಯವನ್ನು ನೇಮಿಸುವಾಗ ಹೊಲಗದ್ದೆಗಳಲ್ಲಿ ದುಡಿಯುವವರನ್ನು ಕೇಳಿ ನೇಮಿಸೋಣ. ನೇಮಿಸಿದ ಮೇಲೆ ಅದನ್ನು ಎಲ್ಲರೂ ಕೈಕೊಳ್ಳೋಣ. ವೇದಪಾಠವನ್ನು ಓದುವವನು ಮನೆಯಲ್ಲಿ ಅದನ್ನು ಮುಂಚೆಯೇ ಓದಿಕೊಂಡು ಬರಲಿ. ಅಕ್ಷರವರಿಯದ ಮುದುಕಿಗೆ ಅವನ ಬಾಯಿಯೇ ಪುಸ್ತಕವಲ್ಲವೇ? ಹಾಡುವಾಗ ಬಲವಾದ ಸ್ವರದವನು ಮುಂದೆ ಓಡದೆ ಸಭೆಯೊಂದಿಗೆ ನಡೆಯಲಿ. ಕೂಸು ಅತ್ತರೆ ತಾಯಿಯನ್ನು ಗದರಿಸಬಾರದು. ಪ್ರಾರ್ಥನೆಯಲ್ಲಿ ಪಿಸುಗುಟ್ಟುವದನ್ನು ಬಿಟ್ಟುಬಿಡೋಣ, ಯಾಕಂದರೆ ನಾವು ಅರಸರ ಅರಸನ ಮುಂದೆ ನಿಂತಿದ್ದೇವೆ.

ಎಲ್ಲಕ್ಕಿಂತ ಹೆಚ್ಚಾಗಿ, ಕರ್ತನ ಮೇಜಿನ ಬಳಿಯಲ್ಲಿ ಹಳೇ ಕುಲದ ಹೆಸರು ನಮ್ಮ ಸಾಲನ್ನು ನೇಮಿಸದಿರಲಿ. ಇವನ ತರುವಾಯ ನಾನು ಪಾತ್ರೆಯನ್ನು ಮುಟ್ಟೆನು ಎಂಬವನು ಎಷ್ಟು ಮೌನವಾಗಿ ಮೊಣಕಾಲೂರಿದರೂ ಅವನಲ್ಲಿ ಭಯಭಕ್ತಿಯಿಲ್ಲ. ಅವನು ಕೊರಿಂಥದವರ ಪಂಕ್ತಿಯಲ್ಲಿಯೇ ಕೂತಿದ್ದಾನೆ. ಬೆಳ್ಳಿಯ ಪಾತ್ರೆಯೂ ಒಳ್ಳೇ ರಾಗವೂ ಈ ಕೊರತೆಯನ್ನು ತುಂಬಲಾರವು.

ಪ್ರಿಯರೇ, ಬರುವ ಆದಿತ್ಯವಾರ ನಮ್ಮಲ್ಲಿ ಅತಿ ಅಲ್ಪನಾದವನು ಅರ್ಥಮಾಡಿಕೊಂಡು, ತಲೆಯೆತ್ತಿ, ಆಮೆನ್ ಎಂದು ಹೇಳುವ ಹಾಗೆ ಕೂಡಿಬರೋಣ. ಸಮಾಧಾನದ ದೇವರು ನಮ್ಮ ನಡುವೆ ಇರಲಿ.