ಸೇವೆಗೆ ಬೆಲೆ ಕಟ್ಟಬಹುದೇ?

ಓದುಗರೇ, ವೃದ್ಧ ತಂದೆಯನ್ನು ನೋಡಿಕೊಳ್ಳುವ ಮಗ "ಮನೆಯನ್ನು ನನ್ನ ಹೆಸರಿಗೆ ಹಿಬಾ ಮಾಡಿಕೊಡಿ" ಎಂದರೆ ಅದು ನ್ಯಾಯವೇ? ಹೊತ್ತು ಹೊತ್ತಿಗೆ ಮಾತ್ರೆ ಕೊಟ್ಟು, ಮಲಮೂತ್ರ ಶುಚಿಗೊಳಿಸಿದವನು ಅವನೇ ತಾನೇ ಎಂದು ನೀವು ಕೇಳಬಹುದು. ನಿಜ. ಆದರೆ ತಂದೆಯ ಕಾಲಾನಂತರ ಆ ಮನೆಯಲ್ಲಿ ಮದುವೆಯಾಗಿ ಹೋದ ಮಗಳಿಗೂ ಅಲ್ಲಾಹನು ಪಾಲು ನಿಶ್ಚಯಿಸಿದ್ದಾನೆ.

ನುಅ್‌ಮಾನ್ ಬಿನ್ ಬಶೀರ್(ರ)ರಿಗೆ ಅವರ ತಂದೆ ಉಡುಗೊರೆಯೊಂದನ್ನು ಕೊಟ್ಟು ಪ್ರವಾದಿವರ್ಯರನ್ನು(ಸ) ಸಾಕ್ಷಿಯಾಗಲು ಕೋರಿದರು. ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿರುವಿರಾ ಎಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಇಲ್ಲವೆಂದಾಗ ಸಾಕ್ಷಿಯಾಗಲು ನಿರಾಕರಿಸಿದರು. ವಸಿಯ್ಯತ್ತಿನಲ್ಲೂ ಅಷ್ಟೇ: ಇತರ ವಾರಸುದಾರರ ಒಪ್ಪಿಗೆಯಿಲ್ಲದೆ ಒಬ್ಬ ವಾರಸುದಾರನಿಗೆ ಬರೆದದ್ದು ಸಲ್ಲದು.

ಇನ್ನೊಂದು ಅಪಾಯವಿದೆ. ಬರೆಸಿಕೊಂಡ ಮೇಲೆ ಮಗ ಕೈಬಿಟ್ಟರೆ? ನಮ್ಮ ದೇಶದ 2007ರ ಹೆತ್ತವರ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಪಾಲನೆಯ ಷರತ್ತಿನ ಮೇಲೆ ಕೊಟ್ಟ ಆಸ್ತಿಯ ಪತ್ರವನ್ನು ಷರತ್ತು ಮುರಿದಾಗ ರದ್ದುಪಡಿಸಬಹುದು. ಆದರೆ ಅಂತಹ ಷರತ್ತು ಇತ್ತೆಂದು ತೋರಿಸಬೇಕು ಎಂದು 2022ರಲ್ಲಿ ಸುಪ್ರೀಮ್ ಕೋರ್ಟ್ ಹೇಳಿದೆ. ಷರತ್ತನ್ನು ಪತ್ರದಲ್ಲಿ ಕಾಣಿಸದೆ, ಮಗನ ಮೇಲಿನ ನಂಬಿಕೆಯಿಂದಲೇ ಸಹಿ ಹಾಕಿದ ತಂದೆ ಏನನ್ನು ತೋರಿಸಿಯಾನು?

ಅದೇ ಕಾಯ್ದೆಯಲ್ಲಿ ಹೆತ್ತವರ ಪಾಲನೆ ಮಗ ಮತ್ತು ಮಗಳು ಇಬ್ಬರ ಹೊಣೆಯೂ ಹೌದು. ಆದ್ದರಿಂದ ದೂರದಲ್ಲಿದ್ದು ಪಾಲನ್ನಷ್ಟೇ ಕಾಯುವವರೂ ನಿರ್ದೋಷಿಗಳಲ್ಲ. ಔಷಧಿಯ ಖರ್ಚನ್ನೂ ರಾತ್ರಿಯ ಕಾವಲನ್ನೂ ತಂದೆ ಬದುಕಿರುವಾಗಲೇ ಹಂಚಿಕೊಳ್ಳಿರಿ. ದಣಿದ ಸಹೋದರನ ಭಾರ ಇಳಿಯಲಿ.

ಸಹೋದರರೇ, ಸೇವೆಯು ಹೆತ್ತವರಿಗೆ ನಾವು ತೀರಿಸಬೇಕಾದ ಋಣ. ಋಣ ತೀರಿಸಿದ್ದಕ್ಕೆ ತಂಗಿಯ ಪಾಲನ್ನು ಕೂಲಿಯಾಗಿ ಪಡೆದವನು ನಾಳೆ ಅಲ್ಲಾಹನ ಬಳಿ ಯಾವ ಪ್ರತಿಫಲವನ್ನು ಕೇಳುವನು?